ಕಳಚಿದ್ದಲ್ಲ, ಕೊಂದದ್ದು

ಆರ್ಗಿರೊ ಕೆಸೀಸೊಗ್ಲುವಿಗೆ ಇಂಧನ ಇಲಾಖೆಯವರು ಇನ್ನೂ ಸಾವಿರದ ಐನೂರ ಐದು ಯೂರೊ ಕೊಡಬೇಕು. ನಲವತ್ತಮೂರು ಹಳೆಯ ಏಸಿ ಇಳಿಸಿದ ಕೂಲಿ, ಒಂದಕ್ಕೆ ಮೂವತ್ತೈದು. ಇಳಿಸಿದ್ದು ಸುಳ್ಳಲ್ಲ. ಫೋಟೊಗಳಿವೆ, ಮನೆಯವರ ಸಹಿಗಳಿವೆ, ಗುಜರಿಯವನ ರಸೀದಿಗಳಿವೆ. ದುಡ್ಡು ನಿಂತಿರುವುದು ಒಂದೇ ಒಂದು ಪದಕ್ಕೆ. ಅಚ್ಚು ಹಾಕಿಸಿದ ಫಾರಮ್ಮಿನಲ್ಲಿ ‘ಹಳೆಯ ಯಂತ್ರವನ್ನು ಕಳಚಲಾಗಿದೆ’ ಎಂದಿರುವ ಕಡೆ ಅವಳು ಬಾಲ್‌ಪೆನ್ನಿನಿಂದ ಗೀಟೆಳೆದು, ಅದರ ಮೇಲೆ ‘ಕೊಲ್ಲಲಾಗಿದೆ’ ಎಂದು ಬರೆದಳು. ಒಂದು ಸಲ ಕೈತಪ್ಪಿ ಬರೆದಿದ್ದರೆ ಯಾರಾದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಲವತ್ತಮೂರು ಸಲ ಬರೆದಳು.

ಇಲಾಖೆಯಿಂದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. ಒಳ್ಳೆಯವಳೇ, ದನಿಯಲ್ಲಿ ದರ್ಪ ಇರಲಿಲ್ಲ.

“ಮೇಡಂ, ನೀವು ಬರೆದಿರೋ ಪದ ನಮ್ಮ ಕಂಪ್ಯೂಟರಲ್ಲಿ ಇಲ್ಲ. ‘ಕಳಚಲಾಗಿದೆ’ ಅಂತಾನೇ ಇರ್ಬೇಕು.”

“ಕಳಚಿಲ್ಲವಲ್ಲಮ್ಮ. ಕೊಂದಿದೀನಿ.”

“ಯಂತ್ರಕ್ಕೆ ಜೀವ ಎಲ್ಲಿರತ್ತೆ ಮೇಡಂ?”

“ಅದನ್ನ ನೋಡ್ಬೇಕು ಅಂದ್ರೆ ನೀನೊಂದ್ಸಲ ನಮ್ಮ ಕೊಕ್ಕಿನ್ಯಾ ಬಡಾವಣೆಗೆ ಬಾ. ಜುಲೈ ತಿಂಗಳಲ್ಲಿ ಬಾ. ಮಧ್ಯಾಹ್ನ ಮೂರು ಗಂಟೆಗೆ ಬಾ.”

“ಒಂದು ಹೊಸ ಫಾರಂ ಕಳಿಸ್ತೀನಿ. ಸುಮ್ನೆ ಸಹಿ ಹಾಕಿ ಕೊಟ್ಬಿಡಿ, ವಾರದಲ್ಲಿ ದುಡ್ಡು ಬರತ್ತೆ.”

“ಸುಮ್ನೆ ಸಹಿ ಹಾಕಿದ್ದಕ್ಕೇ ಕಣಮ್ಮ ಇಷ್ಟೆಲ್ಲ ಆಗಿದ್ದು,” ಎಂದು ಆರ್ಗಿರೊ ಫೋನ್ ಇಟ್ಟಳು.

ಏನಾಗಿತ್ತು ಎಂದು ಹೇಳುವ ಮೊದಲು ಅವಳ ಕೈಗೆ ಈ ಕಸುಬು ಹೇಗೆ ಬಂತು ಎಂದು ಹೇಳಬೇಕು. ಹದಿನೇಳನೇ ವಯಸ್ಸಿಗೆ ಅವಳು ಫ್ರಿಜ್ ಮಾಡುವ ಕಾರ್ಖಾನೆಗೆ ಸೇರಿದ್ದಳು. ಅಲ್ಲಿ ಹೆಂಗಸರಿಗೆ ಬಾಗಿಲ ರಬ್ಬರು ಕೂರಿಸುವ ಕೆಲಸ, ಗಂಡಸರಿಗೆ ಗ್ಯಾಸ್ ತುಂಬುವ ಕೆಲಸ. ಸಂಬಳದಲ್ಲಿ ಕಾಲು ಭಾಗದ ವ್ಯತ್ಯಾಸ. ತೊಂಬತ್ತೆರಡನೇ ಇಸವಿಯಲ್ಲಿ ಮಾಲೀಕ ಬೀಗ ಹಿಡಿದು ಬಂದಾಗ ಒಳಗಿದ್ದವರು ಹೊರಗೆ ಬರಲಿಲ್ಲ. ಐದು ತಿಂಗಳು ಗೇಟು ಹಿಡಿದು ಕೂತರು. ಚಳವಳಿ ಎಂದರೆ ಘೋಷಣೆ, ಮೆರವಣಿಗೆ ಎಂದುಕೊಂಡವರಿಗೆ ಗೊತ್ತಿಲ್ಲ, ಅದರ ಮುಕ್ಕಾಲು ಪಾಲು ಬರೀ ಬೇಸರ. ಆ ಬೇಸರ ಕಳೆಯಲು ಸೊತಿರಿಸ್ ಎಂಬ ಮುದಿ ಮೇಸ್ತ್ರಿ ಅವಳಿಗೆ ತಾಮ್ರದ ಕೊಳವೆ ಬೆಸೆಯುವುದನ್ನು ಕಲಿಸಿದ, ಕಂಪ್ರೆಸರಿನ ಹೊಟ್ಟೆ ಸೀಳಿ ಒಳಗೇನಿದೆ ಎಂದು ತೋರಿಸಿದ. ಹೋರಾಟ ಸೋತಿತು. ಬೀಗ ಬಿತ್ತು. ಬಾಕಿ ಸಂಬಳದ ಬದಲು ಎಲ್ಲರಿಗೂ ಒಂದೊಂದು ಫ್ರಿಜ್ ಸಿಕ್ಕಿತು. ಆರ್ಗಿರೊ ಅದನ್ನು ಮಾರಿ ಒಂದು ಹಳೆಯ ವ್ಯಾನಿಗೆ ಮುಂಗಡ ಕೊಟ್ಟಳು.

ಮೊದಮೊದಲು ಬಾಗಿಲು ತೆರೆದವರು ಅವಳ ಬೆನ್ನ ಹಿಂದೆ ಇಣುಕಿ, “ಮೇಸ್ತ್ರಿ ಎಲ್ಲಿ?” ಎಂದು ಕೇಳುತ್ತಿದ್ದರು. “ಮೇಸ್ತ್ರಿ ಚಡ್ಡೀಲಿ ಇರಲ್ಲ, ತಲೇಲಿರ್ತಾನೆ. ಏಣಿ ಹಿಡೀರಿ,” ಎನ್ನುತ್ತಿದ್ದಳು. ಎರಡು ವರ್ಷ ಹೀಗೆ ಅನ್ನಬೇಕಾಯಿತು. ಆಮೇಲೆ ಕೊಕ್ಕಿನ್ಯಾದಲ್ಲಿ ಮೇಸ್ತ್ರಿ ಎಂದರೆ ಆರ್ಗಿರೊ ಎಂದೇ ಆಯಿತು. ಬೇರೆಯವರು ಕೊಳವೆಗೆ ಬಿಳಿ ಟೇಪು ಸುತ್ತುತ್ತಾರೆ, ಇವಳು ಕೆಂಪು. “ನನ್ನ ಕೆಲಸ ಕೆಟ್ರೆ ಬೈಗುಳ ಬೇರೆ ಯಾರಿಗೋ ಹೋಗ್ಬಾರ್ದು,” ಎನ್ನುವುದು ಅವಳ ವಾದ.

ಅವಳಿಗೆ ಕೆಲಸ ಕೊಡುತ್ತಿದ್ದವನು ಪ್ರೋದ್ರೊಮೋಸ್. ದೊಡ್ಡ ಬೀದಿಯಲ್ಲಿ ಫ್ರಿಜ್, ಏಸಿ, ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ ಇಟ್ಟವನು. ಆರ್ಗಿರೊ ಮತ್ತು ಮಿನಾಸರ ಮದುವೆಯಲ್ಲಿ ಪಾದ್ರಿಯ ಪಕ್ಕ ನಿಂತು ಇಬ್ಬರ ತಲೆಯ ಮೇಲಿನ ಹೂಕಿರೀಟಗಳನ್ನು ಅದಲುಬದಲು ಮಾಡಿದವನು ಅವನೇ. ಹಾಗೆ ಮಾಡಿದವನು ಕುಂಬಾರೊಸ್, ಅಂದರೆ ಮನೆಯ ನೆಂಟ, ಆಗುತ್ತಾನೆ; ಅವನು ಅವಳನ್ನು ‘ಕುಂಬಾರಾ’ ಎಂದು ಕರೆಯುತ್ತಾನೆ, ಅವಳು ಅವನನ್ನು ‘ಕುಂಬಾರೆ’ ಎಂದು. ಮಡಕೆಗೂ ಇವನಿಗೂ ಸಂಬಂಧವಿಲ್ಲ, ಆದರೆ ಸಂಬಂಧ ಒಡೆದರೆ ಮಡಕೆಯಂತೆಯೇ, ಮತ್ತೆ ಬೆಸೆಯಲು ಬರುವುದಿಲ್ಲ. ಮಿನಾಸ್ ಹಡಗಿನಲ್ಲಿ ಅಡುಗೆಯವನಾಗಿದ್ದ, ವರ್ಷಕ್ಕೆ ಒಂಬತ್ತು ತಿಂಗಳು ನೀರಿನ ಮೇಲೆ. ಅವನು ತೀರಿಕೊಂಡ ಮೇಲೆ ಪ್ರೋದ್ರೊಮೋಸ್ ಅವಳ ಕೈ ಬಿಡಲಿಲ್ಲ. ಹತ್ತು ಏಸಿ ಮಾರಿದರೆ ಏಳನ್ನು ಕೂರಿಸಲು ಅವಳನ್ನೇ ಕಳಿಸುತ್ತಿದ್ದ. ಇದನ್ನು ಮರೆಯಬಾರದು, ಯಾಕೆಂದರೆ ಮುಂದೆ ಅವನನ್ನು ಬೈಯಬೇಕಾಗಿದೆ.

ಮೂರು ವರ್ಷದ ಹಿಂದೆ ಸರ್ಕಾರ ಒಂದು ಯೋಜನೆ ತಂದಿತು. ಹಳೆಯ ಏಸಿ ಕೊಡಿ, ಹೊಸದನ್ನು ಅರ್ಧ ಬೆಲೆಗೆ ಒಯ್ಯಿರಿ. ಯೋಜನೆ ಕೆಟ್ಟದ್ದಲ್ಲ. ಬೇಸಿಗೆಯಲ್ಲಿ ಎರಡರಿಂದ ಐದರವರೆಗೆ ಇಡೀ ದೇಶ ಒಂದೇ ಬಾಯಿಂದ ಕರೆಂಟು ಕುಡಿಯುತ್ತದೆ. ಆ ಮೂರು ಗಂಟೆಯ ಸಲುವಾಗಿ ವರ್ಷವೆಲ್ಲ ಮಲಗಿದ್ದ ವಿದ್ಯುತ್ ಕೇಂದ್ರಗಳನ್ನು ಒದ್ದು ಎಬ್ಬಿಸಬೇಕು, ಆದರೂ ತಂತಿ ಕಾಯುತ್ತದೆ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಹೊಸ ಯಂತ್ರ ಹಳೆಯದು ಎಳೆಯುವುದರಲ್ಲಿ ಅರ್ಧ ಎಳೆಯುತ್ತದೆ. ಹತ್ತು ಲಕ್ಷ ಹಳೆಯವು ಹೋಗಿ ಹತ್ತು ಲಕ್ಷ ಹೊಸವು ಬಂದರೆ ಮಧ್ಯಾಹ್ನದ ಬಾಯಾರಿಕೆ ತಗ್ಗಬೇಕು. ಕಾಗದದ ಮೇಲೆ ಸರಿಯೇ ಇತ್ತು. ಕಾಗದ ಬರೆದವರಿಗೆ ನಮ್ಮ ಜನ ಗೊತ್ತಿರಲಿಲ್ಲ, ಅಷ್ಟೆ.

ಏಸಿ ಇಳಿಸುವುದರಲ್ಲಿ ಎರಡು ಬಗೆ. ಒಂದು, ಕೂಡಿಸುವುದು. ಯಂತ್ರ ಓಡುತ್ತಿರುವಾಗಲೇ ಸಣ್ಣ ಕೊಳವೆಯ ವಾಲ್ವ್ ಮುಚ್ಚಬೇಕು. ಎರಡು ನಿಮಿಷದಲ್ಲಿ ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಯೊಳಗೆ ಬಂದು ಕೂಡುತ್ತದೆ. ಆಗ ದಪ್ಪ ಕೊಳವೆಯದನ್ನೂ ಮುಚ್ಚಿ ಕರೆಂಟು ತೆಗೆದರೆ ಯಂತ್ರ ನಿದ್ದೆ ಹೋದಂತೆ. ಇನ್ನೊಂದು ಗೋಡೆಗೆ ನೇತುಹಾಕಿದರೆ ಏನೂ ಆಗದವರ ಹಾಗೆ ಎದ್ದು ಕೂರುತ್ತದೆ. ಎರಡನೆಯದು, ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡು, ಕೊಳವೆ ಕತ್ತರಿಸಿ, ಕಂಪ್ರೆಸರಿನ ಹೊಟ್ಟೆಗೆ ಡ್ರಿಲ್ಲಿನಿಂದ ತೂತು ಹೊಡೆಯುವುದು. ಅದಾದ ಮೇಲೆ ಯಾವ ಸಂತನ ಎಣ್ಣೆ ಹಚ್ಚಿದರೂ ಅದು ಏಳುವುದಿಲ್ಲ. ಫಾರಮ್ಮಿನಲ್ಲಿದ್ದ ‘ಕಳಚಲಾಗಿದೆ’ ಎಂಬ ಪದ ಎರಡಕ್ಕೂ ಸಲ್ಲುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗೆ ಹೇಳಿ ಮಾಡಿಸಿದ ಪದ.

ಜನ ಏನು ಮಾಡಿದರು ಎಂದರೆ, ಗುಜರಿಯಿಂದ ಸತ್ತ ಏಸಿ ತಂದು ಸರ್ಕಾರಕ್ಕೆ ಕೊಟ್ಟರು. ಬದುಕಿದ್ದದ್ದನ್ನು ಕೂಡಿಸಿ ಹಿಂದಿನ ಕೋಣೆಗೆ ಹಾಕಿಸಿಕೊಂಡರು. ಮುಂದೆ ಹೊಸದು, ಹಿಂದೆ ಹಳೆಯದು. ಹತ್ತು ಯೂರೊಗೆ ಕೇಳುವವರಿಲ್ಲದ ಸತ್ತ ಏಸಿಯ ಬೆಲೆ ಆ ವಸಂತದಲ್ಲಿ ನಲವತ್ತಕ್ಕೆ ಏರಿತು. ಹೆಣಕ್ಕೆ ಇಷ್ಟು ಗಿರಾಕಿ ಎಂದೂ ಇರಲಿಲ್ಲ ಎಂದು ಗುಜರಿಯವನು ಶಿಲುಬೆಯ ಗುರುತು ಹಾಕಿಕೊಂಡ.

ಆರ್ಗಿರೊ ಆಗ ಏನು ಮಾಡುತ್ತಿದ್ದಳು? ಕೂಡಿಸುತ್ತಿದ್ದಳು. ನಾವು ಮೆಚ್ಚುವವರ ಬಗ್ಗೆ ಸುಳ್ಳು ಹೇಳಬಾರದು. “ಕೂಡಿಸಿಬಿಡು ಕುಂಬಾರಾ, ಪಾಪ ಮುದುಕರು,” ಎಂದು ಪ್ರೋದ್ರೊಮೋಸ್ ಹೇಳಿದರೆ ಕೂಡಿಸಿದಳು. ತಾನು ಮಾಡಿದ ಕೆಲಸಕ್ಕೆ ಕೆಂಪು ಟೇಪು ಸುತ್ತಿದಳು, ಕೆಳಗಿಳಿದು ಬಂದು ‘ಕಳಚಲಾಗಿದೆ’ ಎಂಬುದರ ಕೆಳಗೆ ಸಹಿ ಹಾಕಿದಳು. ತನ್ನ ಬೀದಿಯಲ್ಲೇ ಹನ್ನೊಂದು. ಅದರಲ್ಲಿ ಒಂದಕ್ಕೆ ಕಾಸೂ ತೆಗೆದುಕೊಳ್ಳಲಿಲ್ಲ. ಅದು ತನ್ನದೇ ಕಟ್ಟಡದ ಮೂರನೇ ಮಹಡಿಯ ಅಜ್ಜಿ ಅಂಥೂಲಾಳದು.

ಅಂಥೂಲಾಗೆ ಎಂಬತ್ತನಾಲ್ಕು. ಆರ್ಗಿರೊಳ ತಾಯಿ ಪಾಳಿಯ ಕೆಲಸಕ್ಕೆ ಹೋದಾಗ ಈ ಹೆಂಗಸೇ ಅವಳಿಗೆ ಉಣ್ಣಿಸಿದ್ದು, ಬೆನ್ನಿಗೆ ಎರಡು ಹಾಕಿದ್ದು. ಜೀವಮಾನವೆಲ್ಲ ರತ್ನಗಂಬಳಿ ಕಾರ್ಖಾನೆಯ ಧೂಳು ಕುಡಿದ ಅಂಥೂಲಾಳ ಶ್ವಾಸಕೋಶದಲ್ಲಿ ಈಗ ಗಾಳಿಗೆ ಜಾಗವಿಲ್ಲ. ಮಂಚದ ಪಕ್ಕ ಒಂದು ಯಂತ್ರ ಗುರ್ರೆನ್ನುತ್ತಾ ಗಾಳಿಯಿಂದ ಆಮ್ಲಜನಕ ಎಳೆದು ಮೂಗಿನ ಕೊಳವೆಗೆ ಬಿಡುತ್ತದೆ. ಕರೆಂಟು ಹೋದರೆ ಅದು ನಿಲ್ಲುತ್ತದೆ. ಆಗ ಸಿಲಿಂಡರು. ಒಂದು ಸಿಲಿಂಡರಿಗೆ ಎರಡು ಗಂಟೆ. ಆಮೇಲೆ ದೇವರು.

ಆ ಜುಲೈನ ಬಿಸಿ ನಲವತ್ತಮೂರು ಡಿಗ್ರಿ ಮುಟ್ಟಿತು. ಎರಡು ದಿನ ತಡೆದುಕೊಂಡ ಬೀದಿಯ ಮೂಲೆಯ ಟ್ರಾನ್ಸ್‌ಫಾರ್ಮರ್ ಮೂರನೆಯ ದಿನ ಮಧ್ಯಾಹ್ನ ಮೂರು ಹತ್ತಕ್ಕೆ ಢಬ್ಬೆಂದು ಕೂತುಬಿಟ್ಟಿತು. ಲಿಫ್ಟು ನಿಂತಿತು. ಆರ್ಗಿರೊ ನೆಲಮಾಳಿಗೆಯಿಂದ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು ಮೂರು ಮಹಡಿ ಹತ್ತಿದಳು. ಅಂಥೂಲಾಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಕೊಳವೆ ಸಿಕ್ಕಿಸಿದ ಮೇಲೆ, ಉಸಿರು ಬಂದ ಮೇಲೆ, ಮುದುಕಿ ಮೊದಲು ಹೇಳಿದ ಮಾತು: “ಬೂಟು ಕಳಚಿ ಒಳಗೆ ಬರೋಕೆ ಆಗ್ಲಿಲ್ವೇನೆ?”

ಕರೆಂಟು ಬರಲು ಎರಡು ಗಂಟೆಗೆ ಇಪ್ಪತ್ತು ನಿಮಿಷ ಕಡಿಮೆ ಹಿಡಿಯಿತು. ಮರುದಿನ ಮತ್ತೆ ಮೂರಕ್ಕೆ. ಅದರ ಮರುದಿನ ಮತ್ತೆ. ಮೂರನೆಯ ಸಲ ಬಂದ ಲೈನ್‌ಮನ್ ಅರ್ಧ ಗಂಟೆಯಲ್ಲೇ ಕರೆಂಟು ಕೊಟ್ಟು, ಕಂಬದಿಂದ ಇಳಿದು, ತಲೆಗೆ ನೀರು ಸುರಿದುಕೊಂಡು, ಆರ್ಗಿರೊಳನ್ನು ಕೇಳಿದ:

“ಈ ಬೀದೀಲಿ ಎಷ್ಟು ಹೊಸ ಏಸಿ ಬಂತಕ್ಕ ಈ ವರ್ಷ?”

“ಇಪ್ಪತ್ತಾರು. ನಾನೇ ಕೂರಿಸಿದ್ದು.”

“ಹಳೇವು ಹೋದ್ವಾ?”

“ಹೋದ್ವು.”

“ಹಾಗಾದ್ರೆ ಲೋಡು ಇಳೀಬೇಕಿತ್ತಲ್ಲ. ಏರಿದೆ. ಹೋದ ವರ್ಷಕ್ಕಿಂತ ಕಾಲು ಭಾಗ ಜಾಸ್ತಿ ಎಳೀತಿದೀರ. ಹೋದವು ಎಲ್ಲಿಗೆ ಹೋದ್ವೋ ನಿಮ್ಮಂಥ ಮೇಸ್ತ್ರಿಗಳೇ ಹೇಳ್ಬೇಕು.”

ಅವನು ಚುಚ್ಚಲೆಂದು ಹೇಳಿದ್ದಲ್ಲ. ಆದರೆ ಚುಚ್ಚಿತು. ಆರ್ಗಿರೊ ತಾರಸಿಗೆ ಹೋದಳು. ಬೀದಿಯ ಕಡೆ ಮುಖ ಮಾಡಿದ ಗೋಡೆಗಳಲ್ಲಿ ಹೊಳೆಯುವ ಬಿಳಿ ಪೆಟ್ಟಿಗೆಗಳು. ಅವಳು ಇನ್ನೊಂದು ಬದಿಗೆ ಹೋಗಿ, ಬಟ್ಟೆ ಒಣಗಿಸುವ ಹಗ್ಗಗಳ ನಡುವಿನಿಂದ ಹಿತ್ತಿಲ ಕಡೆ ಬಗ್ಗಿ ನೋಡಿದಳು. ಹಳದಿಗೆ ತಿರುಗಿದ, ತುಕ್ಕು ಹಿಡಿದ, ಬಡಕಲು ಎತ್ತಿನಂತೆ ಏದುಸಿರು ಬಿಡುತ್ತಿದ್ದ ಹಳೆಯ ಪೆಟ್ಟಿಗೆಗಳು. ಅವುಗಳ ಕೊಳವೆಗಳಿಗೆ ಕೆಂಪು ಟೇಪು. ಒಂದು, ಎರಡು, ಮೂರು ಎಂದು ಬೆರಳು ಮಡಿಸಿದಳು. ಹನ್ನೊಂದು. ಟೇಪಿನ ಬಣ್ಣದಿಂದಾಗಿ ಬೈಗುಳ ಬೇರೆ ಯಾರಿಗೂ ಹೋಗುವಂತಿರಲಿಲ್ಲ.

ಅಂಥೂಲಾಳ ಉಸಿರು ನಿಲ್ಲಿಸಿದ್ದು ಸರ್ಕಾರವಲ್ಲ, ಸೂರ್ಯನೂ ಅಲ್ಲ, ತನ್ನ ಸಹಿ. ಆರ್ಗಿರೊ ಕೆಳಗಿಳಿದಳು. ವ್ಯಾನಿನಿಂದ ಡ್ರಿಲ್ ತೆಗೆದಳು.

ನಮ್ಮಲ್ಲಿ ಮೂರರಿಂದ ಐದೂವರೆ ನಿಶ್ಶಬ್ದದ ಹೊತ್ತು. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಊಟದ ಮೇಲೆ ಊರೇ ಮಲಗುತ್ತದೆ. ಆ ಹೊತ್ತಿನಲ್ಲಿ ಒಬ್ಬರ ಮನೆಯ ಗಂಟೆ ಒತ್ತುವುದು ಎಂದರೆ ಚರ್ಚಿನಲ್ಲಿ ಸಿಗರೇಟು ಹಚ್ಚಿದಂತೆ. ಆರ್ಗಿರೊ ಮೂರೂಮುಕ್ಕಾಲಿಗೆ ಮೊದಲ ಗಂಟೆ ಒತ್ತಿದಳು. ಆ ಹೊತ್ತೇ ಬೇಕಿತ್ತು, ಯಾಕೆಂದರೆ ಆಗ ಯಂತ್ರ ಓಡುತ್ತಿರುತ್ತದೆ, ಇಲ್ಲ ಎನ್ನಲು ಯಾರಿಗೂ ಬಾಯಿರುವುದಿಲ್ಲ.

ಬಾಗಿಲು ತೆರೆದವನು ಇಗ್ನಾಟಿಸ್, ಬಸ್ ಓಡಿಸಿ ನಿವೃತ್ತನಾದವನು. ಮೈಮೇಲೆ ಚಡ್ಡಿ ಮಾತ್ರ.

“ಯಾರು ಸತ್ರು?”

“ಇನ್ನೂ ಯಾರೂ ಸತ್ತಿಲ್ಲ. ಅದಕ್ಕೇ ಬಂದಿದೀನಿ. ಹಿಂದಿನ ಕೋಣೇದು ಇಳಿಸ್ಬೇಕು.”

“ತಲೆ ನೆಟ್ಟಗಿದ್ಯಾ? ನೀನೇ ಕೂಡಿಸಿದೆ, ನೀನೇ ನೇತಾಕಿದೆ, ನೂರಿಪ್ಪತ್ತು ಎಣಿಸ್ಕೊಂಡೆ.”

“ಎಣಿಸ್ಕೊಂಡೆ. ತಗೋ ವಾಪಸ್ಸು.” ಅವಳು ನೋಟುಗಳನ್ನು ಮುಂದೆ ಹಿಡಿದಳು.

ಇಗ್ನಾಟಿಸ್ ನೋಟು ನೋಡಿದ, ಡ್ರಿಲ್ ನೋಡಿದ. “ಬರೀ ನನ್ನದೊಂದು ಇಳಿಸಿದ್ರೆ ಟ್ರಾನ್ಸ್‌ಫಾರ್ಮರ್ ನಿಂತ್ಕೊಳತ್ತಾ?”

“ನಿಂತ್ಕೊಳಲ್ಲ.”

“ಮತ್ತೆ?”

“ನಲವತ್ತು ಜನ ಕೂತಿರೋ ಬಸ್ಸಲ್ಲಿ ನಾನೊಬ್ಬ ಟಿಕೆಟ್ ತಗೊಂಡ್ರೆ ಕಂಪನಿ ಉದ್ಧಾರ ಆಗತ್ತಾ ಅಂತ ಯಾವನಾದ್ರೂ ಅಂದಿದ್ರೆ ನೀನೇನು ಮಾಡ್ತಿದ್ದೆ?”

“ಕೆಳಗಿಳಿಸ್ತಿದ್ದೆ,” ಎಂದ ಇಗ್ನಾಟಿಸ್. ತಾನು ಹೇಳಿದ್ದು ತನಗೇ ಕೇಳಿಸಿದ ಮೇಲೆ ಗೊಣಗುತ್ತಾ ಬಾಗಿಲಿನಿಂದ ಸರಿದ. “ಚಪ್ಪಲಿ ಶಬ್ದ ಮಾಡ್ಬೇಡ, ಅವಳು ಮಲಗಿದಾಳೆ.”

ಮಲಗಿದ್ದ ಹೆಂಡತಿ ಒಳಗಿನಿಂದಲೇ ಕೂಗಿದಳು: “ಡ್ರಿಲ್ ಹಾಕೋರಿಗೆ ಚಪ್ಪಲಿ ಶಬ್ದದ ಚಿಂತೆ ನೋಡು.”

ಆ ದಿನ ಮೂರು ಮನೆಯವರು ಬಿಟ್ಟರು. ಇಬ್ಬರು ಬಾಗಿಲು ಮುಖಕ್ಕೆ ಹಾಕಿದರು. ಒಬ್ಬಳು ಬಾಲ್ಕನಿಯಿಂದ ಬಕೆಟ್ ನೀರು ಸುರಿದಳು. ಆ ಬಿಸಿಲಿಗೆ ಅದು ಉಪಕಾರವೇ ಆಯಿತು. ಇಳಿಸಿದ ಪ್ರತಿಯೊಂದರ ಮುಂದೆಯೂ ಮನೆಯವರನ್ನು ನಿಲ್ಲಿಸಿ, ಗ್ಯಾಸ್ ಎಳೆದು, ಕೊಳವೆ ಕತ್ತರಿಸಿ, ಕಂಪ್ರೆಸರಿಗೆ ಮೂರು ತೂತು ಹೊಡೆದಳು. ತಾಮ್ರವನ್ನು ಅವರ ಕೈಗೇ ಕೊಟ್ಟಳು. ಮುಚ್ಚುಮರೆಯಲ್ಲಿ ನಡೆದದ್ದನ್ನು ಬಹಿರಂಗವಾಗಿಯೇ ಬಿಚ್ಚಬೇಕು ಎನ್ನುವುದನ್ನು ಅವಳು ಕಾರ್ಖಾನೆಯ ಗೇಟಿನಲ್ಲಿ ಕಲಿತಿದ್ದಳು.

ಮರುದಿನ ಬೆಳಿಗ್ಗೆ ಪ್ರೋದ್ರೊಮೋಸ್ ಅಂಗಡಿಗೆ ಕರೆಸಿದ. ಐಸ್ ಹಾಕಿದ ಕಾಫಿ ತರಿಸಿದ. ಕಾಫಿ ತರಿಸಿದರೆ ಮಾತು ಕಹಿ ಎಂದು ಅರ್ಥ.

“ಏನಂತೆ ಕುಂಬಾರಾ? ಬೀದೀಲಿ ಕಟುಕರ ಅಂಗಡಿ ತೆಗೆದಿದೀಯಂತೆ.”

“ಇನ್ಮೇಲೆ ನಾನು ಕೂಡಿಸಲ್ಲ ಕುಂಬಾರೆ. ನೀನು ಕಳಿಸೋ ಮನೇಲೂ ಕೂಡಿಸಲ್ಲ.”

“ದ್ವೀಪದ ಮೇಲೆ ಬಾಡಿಗೆ ಕೋಣೆ ಇಟ್ಕೊಂಡೋರಿಗೆ, ನಮ್ಮೂರಿನ ಬಡವರಿಗೆ, ನೀನು ಕೂಡಿಸಿ ತರೋ ಹಳೇದನ್ನ ನಾನು ಎಂಬತ್ತು ಯೂರೊಗೆ ಕೊಡ್ತೀನಿ. ಅವರಿಗೆ ತಂಪು ಬೇಡ್ವಾ? ನೀನು ಕೆಂಪು ಬಾವುಟದವಳು. ನೀನೇ ಹೇಳು.”

ಇದು ಸುಲಭದ ಪ್ರಶ್ನೆಯಲ್ಲ. ಪ್ರೋದ್ರೊಮೋಸ್ ದಡ್ಡನಲ್ಲ. ಆರ್ಗಿರೊ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದಳು.

“ಬಡವರಿಗೆ ಹೊಸದನ್ನೇ ಪುಕ್ಕಟೆ ಕೊಡಿ ಅಂತ ಇಲಾಖೆ ಮುಂದೆ ಕೂರೋಣ ಬಾ. ಬ್ಯಾನರ್ ನಾನು ಹೊಲೀತೀನಿ, ಒಂದು ಕೋಲು ನೀನು ಹಿಡಿ. ಕರೆಂಟ್ ಬಿಲ್ಲಿನ ಪಿಶಾಚೀನ ಅವರ ತಲೆಗೆ ಕಟ್ಟಿ, ಅದಕ್ಕೆ ಎಂಬತ್ತು ಯೂರೊ ಇಸ್ಕೊಂಡು, ದಾನ ಅನ್ನಬೇಡ.”

“ನನಗೂ ಕಂತು ಕಟ್ಟೋದಿದೆ ಆರ್ಗಿರೊ. ನೀನು ಕೂಡಿಸ್ದೆ ಇದ್ರೆ ಕೂಡಿಸೋರು ಹತ್ತು ಜನ ಇದಾರೆ.”

“ಇದಾರೆ. ಅವರ ಟೇಪು ಬಿಳಿ.”

“ನಿನ್ನ ಗಂಡನ ತಲೆ ಮೇಲೆ ಕಿರೀಟ ಇಟ್ಟ ಕೈ ಇದು.”

“ಅದಕ್ಕೇ ಈ ಕೈಗೆ ಇಂಥ ಕೆಲಸ ಬೇಡ ಅಂತಿರೋದು.”

ಅವತ್ತಿನಿಂದ ಅವನು ಕೆಲಸ ಕಳಿಸುವುದು ನಿಲ್ಲಿಸಿದ. ಚರ್ಚಿನಲ್ಲಿ ಎದುರಾದರೆ ಇಬ್ಬರೂ ಮೇಣದ ಬತ್ತಿಯ ಕಡೆ ನೋಡುತ್ತಾರೆ. ಇದಕ್ಕೆ ಅವಳು ತೆತ್ತ ಬೆಲೆ ಕಡಿಮೆಯಲ್ಲ. ಮಿನಾಸನ ಪುಣ್ಯತಿಥಿಗೆ ಗೋಧಿ ಬೇಯಿಸಿ, ಸಕ್ಕರೆ ಹಾಕಿ ಹಂಚುವಾಗ ಪ್ರೋದ್ರೊಮೋಸನ ಪಾಲಿನ ಒಂದು ಪೊಟ್ಟಣ ಉಳಿಯುತ್ತದೆ. ಅದನ್ನು ಅವಳೇ ತಿನ್ನುತ್ತಾಳೆ.

ಆ ವಾರ ಅವಳು ಇಲಾಖೆಗೂ ಒಂದು ಕಾಗದ ಬರೆದಳು. ‘ಈ ಹನ್ನೊಂದು ಯಂತ್ರಗಳನ್ನು ನಾನು ಕಳಚಿದ್ದು ನಿಜ, ಮತ್ತೆ ನೇತುಹಾಕಿದ್ದೂ ನಾನೇ. ಕೂಲಿ ವಾಪಸ್ ಕಳಿಸಿದ್ದೇನೆ.’ ಕೈಯಲ್ಲಿರುವ ಪರವಾನಗಿ ಹೋಗಬಹುದು ಎಂದು ಗೊತ್ತಿತ್ತು. ಉತ್ತರ ಬರಲಿಲ್ಲ. ಮುನ್ನೂರ ಎಂಬತ್ತೈದು ಯೂರೊ ಮಾತ್ರ ಅವರ ಕಂಪ್ಯೂಟರು ಮರುದಿನವೇ ನುಂಗಿತು; ಆಗ ಅದಕ್ಕೆ ಯಾವ ಪದವೂ ಗಂಟಲಿಗೆ ಸಿಕ್ಕಿಹಾಕಿಕೊಳ್ಳಲಿಲ್ಲ. ದ್ವೀಪಗಳ ದಾರಿ ಹಿಡಿದ ಯಂತ್ರಗಳೆಷ್ಟು ಎಂದು ಎಣಿಸಲು ಅವಳಿಗೆ ಈಗಲೂ ಧೈರ್ಯವಿಲ್ಲ. ಕೇಳಿದರೆ ಮಾತು ತಿರುಗಿಸುತ್ತಾಳೆ.

ಎಲ್ಲಕ್ಕಿಂತ ಕಷ್ಟವಾದದ್ದು ಅಂಥೂಲಾಳ ಹಿಂದಿನ ಕೋಣೆ. ಬೀದಿಯ ಏಳು ಯಂತ್ರ ಸತ್ತ ಮೇಲೆ ಅಲ್ಲಿಗೆ ಹೋದಳು. ಕೈಯಲ್ಲಿ ಅರ್ಧ ಕಲ್ಲಂಗಡಿ, ಒಂದು ತುಂಡು ಉಪ್ಪಿನ ಚೀಸು.

“ಲಂಚ ತಂದಿದೀಯ,” ಎಂದಳು ಮುದುಕಿ. “ಏನು ಕಿತ್ಕೊಂಡು ಹೋಗೋಕೆ ಬಂದೆ?”

“ಅಜ್ಜೀ, ಆ ಯಂತ್ರ.”

“ನೀನೇ ಪ್ರೀತಿಯಿಂದ ಹಾಕಿಕೊಟ್ಟಿದ್ದು.”

“ಆ ಪ್ರೀತೀನೇ ನಿನ್ನ ಮೂಗಿನ ಗಾಳಿ ನಿಲ್ಲಿಸಿದ್ದು. ಮುಂದಿನ ಕೋಣೇಲಿ ಹೊಸದಿದೆ. ಅಲ್ಲಿ ಮಲಗು.”

“ಆ ಕೋಣೇಲಿ ನಿದ್ದೆ ಬರಲ್ಲ. ನನ್ನ ಮಂಚ ಇಲ್ಲಿದೆ. ಅರವತ್ತೊಂದು ವರ್ಷದಿಂದ ಇದೇ ಮಂಚ. ನನ್ನ ಮುದುಕ ಸತ್ತಿದ್ದು ಇದರ ಮೇಲೆ, ಮೂರು ಹೆತ್ತಿದ್ದು ಇದರ ಮೇಲೆ.”

“ಹಾಗಾದ್ರೆ ಮಂಚಾನೇ ಬರ್ಲಿ.”

“ಅದು ಬಾಗಿಲಲ್ಲಿ ಹಿಡಿಯಲ್ಲ ಕಣೆ. ಗೋಡೆ ಕಟ್ಟೋ ಮುಂಚೆ ಒಳಗಿಟ್ಟಿದ್ದು.”

ಆರ್ಗಿರೊ ಕೆಳಗೆ ಹೋಗಿ ಇಗ್ನಾಟಿಸನನ್ನು ಕರೆತಂದಳು, ಈ ಸಲ ಪ್ಯಾಂಟು ಹಾಕಿಸಿ. ಅಂಥೂಲಾಳ ಆಮ್ಲಜನಕದ ಯಂತ್ರದ ಕೊಳವೆ ಉದ್ದ ಮಾಡಿ ಅವಳನ್ನು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿದರು. ಕಬ್ಬಿಣದ ಮಂಚದ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಟ್ಟಿ, ಮೂರು ಗಂಟೆ ಒದ್ದಾಡಿ ಹತ್ತು ತುಂಡು ಮಾಡಿ ಹೊತ್ತು ತಂದು ಮತ್ತೆ ಜೋಡಿಸಿದರು. ಮುದುಕಿ ಕೂತಲ್ಲಿಂದಲೇ ಹೇಳುತ್ತಿದ್ದಳು: ತಲೆದಿಂಬಿನ ಕಡೆ ಕಿಟಕಿಗೆ ಬೇಡ, ಎಡಗಾಲು ಗಿಡ್ಡ, ಅದರಡಿ ರಟ್ಟು ಇಡಿ, ಇಗ್ನಾಟಿ, ನೀನು ಬಸ್ ಹೀಗೇ ಓಡಿಸ್ತಿದ್ಯಾ?

ಮಂಚ ಸರಿಯಾದ ಮೇಲೆ ಅದರ ಮೇಲೆ ಮಲಗಿ, ಎರಡು ಸಲ ಮಗ್ಗುಲು ಬದಲಿಸಿ ನೋಡಿದಳು. “ಸರಿ, ಕೊಲ್ಲು,” ಎಂದಳು. “ಆದ್ರೆ ಇಲ್ಲಿಗೆ ತಂದು ಕೊಲ್ಲು. ನಾನು ನೋಡ್ಬೇಕು.”

“ಇಲ್ಲಿ ನಿನ್ನ ಆಮ್ಲಜನಕ ಇದೆ ಅಜ್ಜಿ. ಒಂದು ಕಿಡಿ ಬಿದ್ರೆ ನಾವು ನಾಲ್ಕೂ ಹೋಗ್ತೀವಿ.”

“ನಾವು ಮೂರೇ ಜನ.”

“ಯಂತ್ರಾನೂ ಸೇರಿಸಿ.”

ಕೊನೆಗೆ ಹಿತ್ತಿಲಿನ ಅಂಗಳದಲ್ಲಿ ಕೊಂದರು. ಇಗ್ನಾಟಿಸ್ ಫೋನಿನಲ್ಲಿ ತೆಗೆದು ತಂದು ತೋರಿಸಿದ. ಮುದುಕಿ ಮೂರು ತೂತನ್ನೂ ಎಣಿಸಿ ನೋಡಿ, ಕಲ್ಲಂಗಡಿ ಕೊಯ್ಯಿರಿ ಎಂದಳು.

ಅದಾದ ಮೇಲೆ ಆರ್ಗಿರೊ ಯಾವ ಫಾರಮ್ಮಿನಲ್ಲೂ ‘ಕಳಚಲಾಗಿದೆ’ ಎಂಬುದಕ್ಕೆ ಸಹಿ ಹಾಕಿಲ್ಲ. ಒಂದು ಚಳಿಗಾಲ ಕೆಲಸವಿಲ್ಲದೆ ಕಳೆಯಿತು; ಬೇರೆಯವರ ಬಾಯ್ಲರ್ ತೊಳೆದು ಬದುಕಿದಳು. ಆಮೇಲೆ ಆ ಲೈನ್‌ಮನ್ ಹೋದ ಹೋದ ಬೀದಿಯಲ್ಲೆಲ್ಲ ಅವಳ ಹೆಸರು ಹೇಳತೊಡಗಿದ. ಆಸ್ಪತ್ರೆಯಿಂದ ಮನೆಗೆ ಬಂದ ರೋಗಿಗಳಿರುವ ಮನೆಯವರು, ಮೂರು ಗಂಟೆಗೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಗರ್ಭಿಣಿಯ ಗಂಡ, ಹೀಗೆ ಒಬ್ಬೊಬ್ಬರೇ ಕೇಳಿಕೊಂಡು ಬಂದರು: “ಕೊಲ್ಲೋ ಮೇಸ್ತ್ರಿ ನೀವೇನಾ?” ಅವಳ ಉತ್ತರ ಈಗ ಬದಲಾಗಿದೆ: “ಹೌದು. ಏಣಿ ಹಿಡೀರಿ.”

ಕಳೆದ ಬೇಸಿಗೆಯಲ್ಲಿ ಬಿಸಿ ನಲವತ್ತೆರಡಕ್ಕೆ ಹೋದ ಐದು ದಿನದಲ್ಲಿ ಮೂಲೆಯ ಟ್ರಾನ್ಸ್‌ಫಾರ್ಮರ್ ಒಂದೇ ಸಲ ಕೂತಿತು, ಇಪ್ಪತ್ತು ನಿಮಿಷ. ಆರ್ಗಿರೊ ಸಿಲಿಂಡರ್ ಹೊತ್ತು ಹತ್ತಿದ್ದಳು. ಐವತ್ತೇಳು ವರ್ಷದ ಮಂಡಿಗೆ ಮೂರು ಮಹಡಿ ಎಂದರೆ ಏನು ಎಂದು ಹತ್ತಿದವರಿಗೇ ಗೊತ್ತು. ಟ್ರಾನ್ಸ್‌ಫಾರ್ಮರ್ ಹಾಗೆ ಕೂರಲು ಕಾರಣ ಏನೆಂದು ಬೀದಿಗೆಲ್ಲ ಗೊತ್ತಿದೆ. ಕೆಂಪು ಟೇಪಿನ ಹನ್ನೊಂದರಲ್ಲಿ ಹತ್ತು ಸತ್ತಿವೆ. ಹನ್ನೊಂದನೆಯದು ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿ, ಹಿತ್ತಿಲ ಕಡೆ, ಇವತ್ತೂ ಓಡುತ್ತಿದೆ. ಅದರ ಅಕ್ಕಪಕ್ಕ ಬಿಳಿ ಟೇಪಿನವು ಎಷ್ಟೋ. ಗಂಟೆ ಒತ್ತಿದರೆ ಆ ಮನೆಯವರು ಟಿವಿಯ ದನಿ ತಗ್ಗಿಸುತ್ತಾರೆ, ಬಾಗಿಲು ತೆರೆಯುವುದಿಲ್ಲ. ಕೆಟ್ಟವರಲ್ಲ. ಹಬ್ಬಕ್ಕೆ ಅಂಥೂಲಾಗೆ ಬಣ್ಣ ಬಳಿದ ಕೆಂಪು ಮೊಟ್ಟೆ ಕಳಿಸುತ್ತಾರೆ. ನಮ್ಮದೊಂದರಿಂದ ಏನಾಗುತ್ತದೆ ಎಂದುಕೊಂಡಿದ್ದಾರೆ, ಅಷ್ಟೇ.

ಈಗ ನಿಮ್ಮ ಮಾತು. ಓದುತ್ತಿರುವುದನ್ನು ಒಂದು ನಿಮಿಷ ಕೆಳಗಿಡಿ. ನೀವು ಹೊಸದನ್ನು ಕೊಂಡಾಗ ಹಳೆಯದು ಎಲ್ಲಿಗೆ ಹೋಯಿತು? ಯಾರಿಗೆ ಮಾರಿದಿರಿ, ಯಾವ ಕೋಣೆಗೆ ಸರಿಸಿದಿರಿ, ಯಾವ ಕಾಗದದ ಮೇಲೆ ಏನೆಂದು ಸಹಿ ಹಾಕಿದಿರಿ? ಎದ್ದು ಹಿಂದಿನ ಬಾಲ್ಕನಿಗೆ ಹೋಗಿ ನೋಡಿ. ಓಡುತ್ತಿದ್ದರೆ ನಿಲ್ಲಿಸಿ. ನಾಳೆ ಮೇಸ್ತ್ರಿಯನ್ನು ಕರೆಸಿ, ಪಕ್ಕದಲ್ಲಿ ನಿಂತು, ನಿಮ್ಮ ಕಣ್ಣೆದುರೇ ಅದಕ್ಕೆ ಮೂರು ತೂತು ಹೊಡೆಸಿ. ಮಧ್ಯಾಹ್ನ ಮೂರಕ್ಕೆ ಮುಂಚೆ ಹೊಡೆಸಿ.